ಹತ್ತು ಹನಿಗೆ ಇಳಿಯೋ ಸಕ್ಕರಿ

“ಬೆಳಿಗ್ಗಿ ಹತ್ತು ಹನಿ, ರಾತ್ರಿ ಹತ್ತು ಹನಿ. ಸಕ್ಕರಿ, ಬಿಪಿ, ಮಂಡಿನೋವು, ಕೂದಲುದುರೂದು, ಎಲ್ಲಾ ಖಲಾಸ್!”

ಹನುಮೇಶ ಬಾಟಲಿಯ ಚೀಟಿ ಓದಿ ಮುಗಿಸುವಷ್ಟರಲ್ಲಿ, ಗಂಗಾವತಿ ಬಸ್ ಸ್ಟ್ಯಾಂಡ್ ಬದಿಯ ಈರಮ್ಮನ ಅಂಗಡಿಯಲ್ಲಿ ವಗ್ಗರಣಿ, ಮಿರ್ಚಿ ಪ್ಲೇಟಿಗೆ ಬಿದ್ದಿದ್ದವು.

“ಸಾಲ ತೀರೂದು ಬರದಿಲ್ಲೇನಲೇ ಅದರಾಗ?” ಅಂದ ಜೇನು ಪೆಟ್ಟಿಗೆಯ ಬಸಣ್ಣ.

“ನಗಬ್ಯಾಡ ಬಸಣ್ಣ. ಇದು ನಸರಿ ಜೇನಿನ ಅಂಟು, ಪ್ರೊಪೋಲಿಸ್. ಚುಚ್ಚದ ಜೇನು!”

“ಚುಚ್ಚಂಗಿಲ್ಲ, ಖರೆ. ಕೊಂಡಿ ಹೆಸರಿಗಷ್ಟ ಐತಿ. ಗೂಡಿಗೆ ಕೈ ಹಾಕಿ ನೋಡು, ಕೂದಲಾಗ, ಕಿವ್ಯಾಗ ಹೊಕ್ಕು ಕಡೀತಾವು. ಕೂದಲುದುರೂದು ನಿಲ್ಲೂದು ಬಿಡು, ನೀನ ಕಿತ್ಕೋತಿ.”

ಮೆಡಿಕಲ್ ಅಂಗಡಿಯ ಶರಣಪ್ಪ ಬಾಟಲಿ ತಿರುವಿ ನೋಡಿದ. “ಅಂಟು ಸುಳ್ಳಲ್ಲಪಾ. ಲ್ಯಾಬಿನಾಗ ಗಾಜಿನ ತಟ್ಟಿಯೊಳಗ ಸ್ಟ್ಯಾಫಿಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಬೆಳಸಿ ಇದನ್ನ ಹಾಕಿದ್ರ ಸಾಯ್ತಾವು. ಕೀವು ಮಾಡೋದು ಅದ. ಇ-ಕೋಲಿ ಅನ್ನೋ ಬ್ಯಾಕ್ಟೀರಿಯಾ ಮಾತ್ರ ಅಷ್ಟು ಸಲೀಸು ಬಗ್ಗಂಗಿಲ್ಲ. ಅದಕ್ಕ ಹೊರಗ ಇನ್ನೊಂದು ಪೊರಿ ಐತಿ, ಅಂಟಿನಾಗಿನ ಗಿಡದ ರಾಳ ಒಳಗ ದಾಟಂಗಿಲ್ಲ.”

“ಜೇನು ಹುಳಕ್ಕ ಬೇಕಾದದ್ದೂ ಅಷ್ಟ,” ಬಸಣ್ಣ ಮಿರ್ಚಿ ಮುರಿದ. “ನಾಕು ಮಿಲಿಮೀಟರ್ ಜೀವ. ಗಿಡದ ರಾಳ ತಂದು ಮೇಣಕ್ಕ ಕಲಸಿ ತುಪ್ಪದ ಗಡಗಿ, ಬಾಗಿಲ ಕೊಳವಿ, ಗ್ವಾಡಿ, ಎಲ್ಲಾ ಅದರಾಗ ಕಟ್ತಾವು. ಆಸ್ಟ್ರೇಲಿಯಾದ ಚುಚ್ಚದ ಜೇನು ಗೂಡಿಗೆ ಹೊಕ್ಕ ಬೀಟಲ್ ಹುಳಾನ ರಾಳ, ಮೇಣ, ಮಣ್ಣು ಮೆತ್ತಿ ಹತ್ತು ನಿಮಿಷದಾಗ ಜೀವಂತ ಸಮಾಧಿ ಮಾಡ್ತಾವು.”

“ಹಂಗಾರ ಸಕ್ಕರಿ ಕಾಯಿಲೀನೂ ಸಮಾಧಿ ಆಗಬೇಕಲ್ಲ?”

“ಇಲಿಗೆ ಆಗೇತಿ,” ಅಂದ ಶರಣಪ್ಪ. “ಮಲೇಷ್ಯಾದಾಗ ಸಕ್ಕರಿ ಬರಿಸಿದ ಇಲಿಗಳಿಗೆ ಕೆಜಿ ತೂಕಕ್ಕ 300 ಮಿಲಿಗ್ರಾಂ ಕೊಟ್ಟು ನೋಡ್ಯಾರ, ಸಕ್ಕರಿ ಇಳದೈತಿ. ಇಲಿ ಲೆಕ್ಕ ಮನಷ್ಯಾಗ ತರಬೇಕಂದ್ರ ಸುಮಾರು 6ರಿಂದ ಭಾಗಿಸಬೇಕು. ನಿನ್ನ ತೂಕ 60 ಕೆಜಿ ಹಿಡಿ, ದಿನಕ್ಕ 3 ಗ್ರಾಂ ಆತು. ಈ ನಮೂನಿ ಅರ್ಕದಾಗ ನೂರಕ್ಕ 4 ಗ್ರಾಂ ರಾಳ ಇದ್ರ ಒಂದು ಹನಿಯಾಗ 2 ಮಿಲಿಗ್ರಾಂ. ಮೂರು ಗ್ರಾಮಿಗೆ ಎಷ್ಟು ಹನಿ?”

ಹನುಮೇಶ ಮೊಬೈಲ್ ತೆಗೆದ. “...ಸಾವಿರದೈನೂರು?”

“75 ಮಿಲಿ. ಅದರಾಗ ನೂರಕ್ಕ 70 ಪಾಲು ಆಲ್ಕೋಹಾಲ್. ದಿನಾ ಹತ್ತತ್ರ ಒಂದೂವರಿ ನೈಂಟಿ ವಿಸ್ಕಿ ಕುಡದಂಗ. ಸಕ್ಕರಿ ಇಳಿಯೂದಕ್ಕಿಂತ ಮೊದಲ ನೀ ಗಟಾರಕ್ಕ ಇಳೀತಿ.”

“ಇದು ಔಷಧಲೇ, ಕುಡದ್ರ ಮನ್ಯಾಗ ಬೈಯಂಗಿಲ್ಲ!” ಹನುಮೇಶನ ಮುಖ ಅರಳಿತು.

“ಯಾವ ಗಿಡದ ರಾಳ ಅಂತ ಚೀಟಿ ಮ್ಯಾಲೆ ಐತೇನು?” ಬಸಣ್ಣ ಬಿಡಲಿಲ್ಲ. “ಥೈಲ್ಯಾಂಡಿನಾಗ ಮ್ಯಾಂಗೋಸ್ಟೀನ್ ಹಣ್ಣಿನ ತೋಟದ ಗೂಡಿನ ಅಂಟಿನಾಗ ಆ ಗಿಡದ ಮ್ಯಾಂಗೋಸ್ಟಿನ್ ಅನ್ನೋ ಅಂಶ ಸಿಗತೈತಿ. ಬ್ರೆಜಿಲಿನ ಹಸರು ಪ್ರೊಪೋಲಿಸ್ ಬ್ಯಾರೆ ಗಿಡದ್ದು, ಅದನ್ನ ಮಾಡೂದು ಚುಚ್ಚೋ ಜೇನು. ಗಿಡ ಬದಲಾತು ಅಂದ್ರ ಮದ್ದು ಬದಲಾತು. ಅಂಜನಾದ್ರಿ ಕೆಳಗ ಕುಂತೀವಿ, ಗೊತ್ತಿರಬೇಕಲ್ಲ: ಸಂಜೀವಿನಿ ಯಾವುದಂತ ತಿಳೀದ ಗುಡ್ಡಾನ ಎತ್ತಿದಂಗ ಐತಿ ಈ ಅಂಟು. ನೂರಾರು ಅಂಶ, ಕೆಲಸ ಮಾಡಿದ್ದು ಯಾವುದೋ.”

“ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಾಗ ಪ್ರೊಪೋಲಿಸಿನ ಆರೋಗ್ಯದ ಹೇಳಿಕಿಗಳನ್ನ ಒಪ್ಪದ ಇದ್ದಿದ್ದಕ್ಕ ಅದೂ ಒಂದು ಕಾರಣ,” ಶರಣಪ್ಪ ಸೇರಿಸಿದ. “ಅಕ್ಕಾ, ಒಂದು ಲೋಟ ನೀರು ಕೊಡ್ರಿ. ಹತ್ತು ಹನಿ ಬಿಡಲೇ ಅದಕ್ಕ.”

ಹನುಮೇಶ ಬಿಟ್ಟ. ಕಂದು ಎಳೆಯೊಂದು ತಳಕ್ಕಿಳಿದು, ತಿರುವಿದಾಗ ಲೋಟವೆಲ್ಲ ತಿಳಿ ಚಹಾದ ಬಣ್ಣಕ್ಕೆ ಬಂತು.

“ಖರೇ ಅರ್ಕ ಆಗಿದ್ರ ನೀರು ಬೆಳ್ಳಗ ಕದಡಬೇಕಿತ್ತು, ಅಂಚಿಗೆ ಅಂಟಿನ ಗೆರಿ ಕೂಡಬೇಕಿತ್ತು. ರಾಳ ನೀರಿಗೆ ಕರಗಂಗಿಲ್ಲ. ಜಾಲಿ, ಬೇವಿನ ಗೋಂದಾದ್ರ ನೀರಾಗ ಕರಗತೈತಿ, ಅದು ರಾಳ ಅಲ್ಲ.”

ಈರಮ್ಮ ಬೆರಳದ್ದಿ ನಾಲಿಗೆಗಿಟ್ಟಳು. “ಯವ್ವಾ, ಸಿಹಿ ಐತಿ! ಸಕ್ಕರಿ ಕಾಯಿಲಿಗೆ ಬೆಲ್ಲದ ಪಾಕ ಕೊಟ್ಟಾರ.”

“ಗ್ಲಿಸರಿನ್ನೂ ಸಿಹೀನ ಇರತೈತಿ ಅಕ್ಕಾ,” ಶರಣಪ್ಪ ನ್ಯಾಯ ಹೇಳಿದ. “ಏನರ ಇರಲಿ, ರಾಳ ಮಾತ್ರ ಕಾಣವಲ್ದು.”

ಹನುಮೇಶ ಹಟಕ್ಕೆ ಬಿದ್ದ. “ಹಂಗಾರ ನಾನ ಮಾಡ್ಕೋತೀನಿ. ಹೇಳು ಬಸಣ್ಣ.”

“ಪೆಟ್ಟಿಗಿ ಮುಚ್ಚಳದ ಅಂಚಿಗೆ, ಮೂಲಿಗೆ ಮೆತ್ತಿದ್ದನ್ನಷ್ಟ ಕೆರಿ, ಅದರಾಗೂ ಅರ್ಧ ಬಿಡು. ಬಾಗಿಲ ಕೊಳವಿ ಕಿತ್ತಿ ಅಂದ್ರ ಇರುವಿ ನುಗ್ತಾವು. ಪರಾಗದ ಗಡಗಿ ಒಡದ್ರ ಫೋರಿಡ್ ನೊಣ ಬಂದು ಮೊಟ್ಟಿ ಇಟ್ಟು, ಹುಳ ಬಿದ್ದು ಕುಟುಂಬಾನ ಹೋಗತೈತಿ. ನಮ್ಮ ಏಪ್ರಿಲ್ ಬಿಸಿಲಾಗ ಅಂಟು ಚಾಕು ಬಿಟ್ಟು ಬರಂಗಿಲ್ಲ, ಬೆಳಗಾ ಮುಂಜಾನೆ ಕೆರಿ. ಎರಡು ತಾಸು ಫ್ರೀಜರಿನಾಗ ಇಟ್ಟು, ಗಟ್ಟಿ ಆದಮ್ಯಾಲೆ ಕುಟ್ಟು. ಅಡಗಿ ಮನಿ ಕುಟ್ಟಾಣಿ ಮುಟ್ಟೀಯ ಮತ್ತ! ಒಮ್ಮೆ ಹತ್ತಿದ್ದು ಬಿಡಂಗಿಲ್ಲ, ಹೆಂಡ್ತೀನೂ ಬಿಡಂಗಿಲ್ಲ.”

“10 ಗ್ರಾಂ ಪುಡಿಗೆ ನೂರಕ್ಕ 70 ಪಾಲಿನ ಎಥನಾಲ್, ಅಂದ್ರ ಆಲ್ಕೋಹಾಲ್, 100 ಮಿಲಿ,” ಶರಣಪ್ಪ ಮುಂದುವರಿಸಿದ. “95ರದ್ದು ಇದ್ರ 74 ಮಿಲಿ ತಗೊಂಡು ನೀರು ಹಾಕಿ 100 ಮಾಡು. ಕಂದು ಗಾಜಿನ ಬಾಟಲಿ, ಕತ್ತಲು, ದಿನಾ ಅಲ್ಲಾಡ್ಸು, ಎರಡು ವಾರ. ಒಲಿ ಮ್ಯಾಲೆ ಇಟ್ಟಿ ಅಂದ್ರ ಆವಿಗೆ ಬೆಂಕಿ ಹತ್ತತೈತಿ. ಸೋಸಿ ಒಂದು ರಾತ್ರಿ ಫ್ರೀಜರಿನಾಗ ಇಟ್ರ ಮೇಣ ಕೆಳಗ ಕೂಡತೈತಿ, ಮತ್ತೊಮ್ಮೆ ಸೋಸು. ಉಳಿದ ಗಸಿ ಒಣಗಿಸಿ ತೂಗು. 6 ಗ್ರಾಂ ಉಳದಿತ್ತಂದ್ರ ಕರಗಿದ್ದು 4. ನಸರಿ ಅಂಟಿನಾಗ ಮೇಣ ಬಾಳ, ಗಸಿ ಕಂಡು ಗಾಬರಿ ಆಗಬ್ಯಾಡ.”

“ನಿನ್ನ ಅಂಗಡಿ ಸ್ಪಿರಿಟ್ ನಡೀತೈತೇನು?”

“ಕುಡಿಯಾಕ? ಸತ್ತರೂ ಕೊಡಂಗಿಲ್ಲ. ಪೇಂಟ್ ಅಂಗಡೀದ್ರಾಗ ಮೆಥನಾಲ್ ಇರತೈತಿ, ಕಣ್ಣ ಹೋಗತಾವು, ಜೀವಾನೂ ಹೋಗತೈತಿ. ನೀ ಅರ್ಕ ಮಾಡಿದ್ರೂ ಅದು ತೊಗಲಿಗೆ ಮಾತ್ರ. ಮೊದಲ ಮುಂಗೈ ಒಳಮೈಗೆ ಒಂದು ಹನಿ ಹಚ್ಚಿ ಮೂರು ದಿನ ಕಾಯಿ. ಈ ಅಲರ್ಜಿ ತಡ ಮಾಡಿ ಏಳತೈತಿ.”

“ಕೊಪ್ಪಳದಾಗ ಮಾವಿನ ತೋಟ ಎಷ್ಟು ಅದಾವು ನೋಡು,” ಬಸಣ್ಣ ಅಂದ. “ಇವು ಮಾವಿನ ರಾಳಾನೂ ತರ್ತಾವು. ಸೊನಿ ಬಡದ್ರ ಬೊಬ್ಬಿ ಏಳೋ ಮಂದಿ ದೂರ ಇರೂದ ಚಲೋ.”

“ಅಸ್ತಮಾ ಇದ್ದವರು, ರಕ್ತ ತೆಳು ಮಾಡೋ ಗುಳಿಗಿ ನುಂಗೋರು ಡಾಕ್ಟರನ್ನ ಕೇಳದ ಬಾಯಿಗೆ ಹಾಕಬಾರದು. ಸಕ್ಕರಿ ಗುಳಿಗಿ ಬಿಡೂದಂತೂ ಇಲ್ಲ, ತಿಳೀತೇನು?” ಅಂದ ಶರಣಪ್ಪ.

“ಗೂಡು ಎಲ್ಲಿದ್ದರೇನು, ನಮ್ಮ ಗ್ಯಾರೇಜ್ ಗ್ವಾಡಿ ಸಂದ್ಯಾಗೂ ಒಂದು ಐತಿ,” ಅಂದ ಹನುಮೇಶ.

“ಅದನ್ನ ಬಿಡು,” ಬಸಣ್ಣ ಕೈ ಮುಗಿದ. “ಅಂಟು ಅನ್ನೋದು ಸಿಕ್ಕರ ಸಾಕು, ಹಸಿ ಪೇಂಟು, ಡಾಂಬರನ್ನೂ ಕಾಲಿಗೆ ಮೆತ್ಕೊಂಡು ಬರ್ತಾವು. ರಸ್ತೆ ಬದಿ ಗೂಡಿನಾಗ ಸೀಸ ಸೇರಬಹುದು. ಸಂಡೂರು ಕಡೆ ಅದಿರಿನ ಕೆಂಪು ಧೂಳೂ ಕೂಡತೈತಿ. ಕೆರಿಯೂದಿದ್ರ ತೋಟದ ಪೆಟ್ಟಿಗೀದು ಕೆರಿ.”

“ಅಂಗಿಗೆ ಹತ್ತಿದ್ರ?” ಈರಮ್ಮ ಕೇಳಿದಳು.

“ನೀರು, ಸೋಪು ಹಾಕಬ್ಯಾಡ್ರಿ ಅಕ್ಕಾ. ಬರಫ್ ಇಟ್ಟು ಗಟ್ಟಿ ಮಾಡಿ ಕೆರೀರಿ, ಆಮ್ಯಾಲೆ ಹತ್ತಿಗೆ ಸ್ಪಿರಿಟ್ ಹಚ್ಚಿ ಒರಸ್ರಿ,” ಅಂದ ಶರಣಪ್ಪ. “ಅದಕ್ಕಾದ್ರ ನನ್ನ ಅಂಗಡೀದ ನಡೀತೈತಿ.”