ಜಿಎಂ ಸಾಲ ತೀರಿಸಿತು ಅಂದ ಮೇಲೆ ಅಮೆರಿಕ ಸರ್ಕಾರಕ್ಕೆ ನಷ್ಟ ಹೇಗಾಯ್ತು?

ಟೂಲ್‌ರೂಮ್ ಕೇಳಿದ್ದು:
2008–09ರ ಹಿಂಜರಿತದಲ್ಲಿ ಜನರಲ್ ಮೋಟಾರ್ಸ್‌ಗೆ ಅಮೆರಿಕ ಸರ್ಕಾರ ಒಟ್ಟು 4,950 ಕೋಟಿ ಡಾಲರ್ ಕೊಟ್ಟಿತು. ಸರ್ಕಾರದ ಸಾಲವನ್ನು ಬಡ್ಡಿ ಸಮೇತ, ಅವಧಿಗೆ ಮೊದಲೇ ತೀರಿಸಿದ್ದೇವೆ ಅಂತ 2010ರ ಏಪ್ರಿಲ್‌ನಲ್ಲಿ ಕಂಪನಿ ಟಿವಿ ಜಾಹೀರಾತು ಕೊಟ್ಟಿತು. ಕೊನೆಗೆ ನೋಡಿದ್ರೆ ಖಜಾನೆಗೆ 1,120 ಕೋಟಿ ನಷ್ಟ. ಎರಡೂ ನಿಜ ಆಗೋದು ಹೇಗೆ? ಅಷ್ಟು ದುಡ್ಡು ಬಂದ ಮೇಲೂ ದಿವಾಳಿ ಅರ್ಜಿ ಯಾಕೆ ಹಾಕಬೇಕಾಯ್ತು?

ರೋಕಡಿಲೆಕ್ಕ:
ಎರಡೂ ನಿಜ. ಆ 4,950 ಕೋಟಿಯಲ್ಲಿ ದಿವಾಳಿ ಪ್ರಕ್ರಿಯೆ ಮುಗಿಸಿ ಹೊರಬಂದ ಹೊಸ ಕಂಪನಿಯ ತಲೆಮೇಲೆ ಸಾಲ ಅಂತ ಉಳಿದದ್ದು 670 ಕೋಟಿ ಮಾತ್ರ. 210 ಕೋಟಿಗೆ ಆದ್ಯತಾ ಷೇರು, ಮಿಕ್ಕಿದ್ದರಲ್ಲಿ ಬಹುಪಾಲಿಗೆ ಹೊಸ ಕಂಪನಿಯ ಶೇ 60.8ರಷ್ಟು ಸಾಮಾನ್ಯ ಷೇರನ್ನು ಸರ್ಕಾರ ಬರೆಸಿಕೊಂಡಿತು. ಜಾಹೀರಾತು ಹೇಳಿದ್ದು ಆ 670 ಕೋಟಿಯ ವಿಷಯ. ಅದರಲ್ಲೂ ಕೊನೆಯ 470 ಕೋಟಿ ಕಾರು ಮಾರಿದ ಲಾಭದ್ದಲ್ಲ. ಸರ್ಕಾರವೇ ಕೊಟ್ಟು ಎಸ್ಕ್ರೋ ಖಾತೆಯಲ್ಲಿ (ಷರತ್ತಿನ ಮೇಲೆ ಮಾತ್ರ ತೆಗೆಯಬಹುದಾದ ಖಾತೆ) ಇರಿಸಿದ್ದ ಹಣವನ್ನೇ ತೆಗೆದು ಕಟ್ಟಿದರು. ಈ ನೆರವು ಬಂದ ಸರ್ಕಾರಿ ನಿಧಿಯಾದ ಟಾರ್ಪ್ ಮೇಲೆ ಕಣ್ಣಿಡುತ್ತಿದ್ದ ವಿಶೇಷ ಇನ್‌ಸ್ಪೆಕ್ಟರ್ ಜನರಲ್ ನೀಲ್ ಬರೋಫ್ಸ್ಕಿ ಆಗಲೇ ಇದನ್ನು ಎತ್ತಿ ತೋರಿಸಿದ್ದರು. ಕಟ್ಟಿದ್ದು ತಪ್ಪಲ್ಲ, ಆದರೆ ತೆರಿಗೆ ಕಟ್ಟುವವರಿಗೆ ಪೂರ್ತಿ ಲೆಕ್ಕ ಹೇಳದೆ ಬೀಗಿದ್ದು ತಪ್ಪೇ.

ನಷ್ಟ ಆಗಿದ್ದು ಷೇರಿನಲ್ಲಿ. 2010ರ ನವೆಂಬರ್‌ನಲ್ಲಿ ಸಾರ್ವಜನಿಕರಿಗೆ ಷೇರು ಬಿಟ್ಟಾಗ ಬೆಲೆ 33 ಡಾಲರ್. ಅಸಲು ಗಿಟ್ಟಬೇಕಾದರೆ ಖಜಾನೆ ಬಳಿ ಉಳಿದ ಷೇರುಗಳು ತಲಾ ಸುಮಾರು 53ಕ್ಕೆ ಹೋಗಬೇಕಿತ್ತು. 2012ರ ಡಿಸೆಂಬರ್‌ನಲ್ಲಿ 20 ಕೋಟಿ ಷೇರನ್ನು ಕಂಪನಿಯೇ 27.50ರಂತೆ ವಾಪಸ್ ಕೊಂಡಿತು. ಒಂದು ವರ್ಷದ ನಂತರ ಖಜಾನೆ ಕೊನೆಯ ಷೇರನ್ನೂ ಮಾರಿ ಕೈತೊಳೆದುಕೊಂಡಿತು.

ಸ್ಪಾನರ್14:
ಮೊದಲ ಕಂತು ಎಲ್ಲಿ ಕರಗಿತು ಅನ್ನೋದನ್ನೂ ನೋಡಬೇಕು. ಕಾರು ಗೇಟು ದಾಟಿ ಡೀಲರ್ ಕಡೆ ಹೊರಟ ಕೂಡಲೇ ಫೈನಾನ್ಸ್ ಕಂಪನಿಯಿಂದ ತಯಾರಕರಿಗೆ ದುಡ್ಡು ಬರುತ್ತೆ. ಬಿಡಿಭಾಗದವರಿಗೆ ಕೊಡೋದು ಮಾತ್ರ ಸುಮಾರು ಒಂದೂವರೆ ತಿಂಗಳಾದ ಮೇಲೆ. ಮಾರಾಟ ಚೆನ್ನಾಗಿದ್ದಾಗ ಇದು ಬಡ್ಡಿಯಿಲ್ಲದ ಸಾಲ ಇದ್ದ ಹಾಗೆ. ಲೈನ್ ನಿಂತ ದಿನ ಉಲ್ಟಾ ಹೊಡೆಯುತ್ತೆ: ಒಳಗೆ ಬರೋದು ಸೊನ್ನೆ, ಹಿಂದಿನ ಆರು ವಾರದ ಸೀಟು, ಆಕ್ಸಲ್, ವೈರಿಂಗ್ ಬಿಲ್ಲುಗಳು ಮಾತ್ರ ಒಂದರ ಹಿಂದೆ ಒಂದು. 2008ರ ಡಿಸೆಂಬರ್ 19ರಂದು ಬುಷ್ 1,740 ಕೋಟಿ ಘೋಷಿಸಿದರು. ಜಿಎಂಗೆ 1,340, ಕ್ರೈಸ್ಲರ್‌ಗೆ 400. ಅದೇ ದಿನ ಪಾಳಿ ಮುಗಿದ ಮೇಲೆ ಕ್ರೈಸ್ಲರ್‌ನ 30 ಕಾರ್ಖಾನೆಗಳೂ ಒಂದು ತಿಂಗಳಿಗೆ ಮುಚ್ಚಿದವು.

ಬಿಡಿಭಾಗದ ಒಂದೇ ಕಂಪನಿ ಜಿಎಂ, ಫೋರ್ಡ್, ಟೊಯೋಟಾ ಮೂವರಿಗೂ ಮಾಲು ಕೊಡುತ್ತಿರುತ್ತೆ. ಅದು ಬಿದ್ದರೆ ಮೂರೂ ಲೈನ್ ನಿಲ್ಲುತ್ತೆ. ಟಾರ್ಪ್ ನಿಧಿಯಿಂದ ಕಾಸೂ ಮುಟ್ಟದ ಫೋರ್ಡ್, ಎದುರಾಳಿಗಳಿಗೆ ನೆರವು ಕೊಡಿ ಅಂತ ಸಂಸತ್ತಿನ ಮುಂದೆ ಹೇಳಿದ್ದು ಇದೇ ಭಯಕ್ಕೆ. ಫೋರ್ಡ್ 2006ರಲ್ಲೇ ಕಾರ್ಖಾನೆಗಳ ಜೊತೆ ತನ್ನ ನೀಲಿ ಲಾಂಛನವನ್ನೂ ಅಡವಿಟ್ಟು ಸುಮಾರು 2,360 ಕೋಟಿ ಎತ್ತಿಟ್ಟುಕೊಂಡಿತ್ತು.

ಚಾಪ್ಟರ್11:
ದಿವಾಳಿ ಅರ್ಜಿಗೆ ಕಾರಣ ಬಾಂಡ್‌ದಾರರು. ಅಡಮಾನವಿಲ್ಲದ ಬಾಂಡ್ ಸಾಲವೇ 2,700 ಕೋಟಿ. ಸಾಲ ಬಿಟ್ಟು ಷೇರು ತಗೊಳ್ಳಿ ಅಂದರೆ ಬೇಕಾದಷ್ಟು ಜನ ಒಪ್ಪಲಿಲ್ಲ. ನ್ಯಾಯಾಲಯದ ಹೊರಗೆ ಅವರನ್ನು ಕಟ್ಟಿಹಾಕುವ ದಾರಿಯೇ ಇರಲಿಲ್ಲ. ಅದಕ್ಕೇ ಜೂನ್ 1, 2009ಕ್ಕೆ ಅರ್ಜಿ, ದಿವಾಳಿ ಕಾನೂನಿನ 363ನೇ ಸೆಕ್ಷನ್ ಪ್ರಕಾರ ಒಳ್ಳೆಯ ಆಸ್ತಿಗಳನ್ನು ಹೊಸ ಕಂಪನಿಗೆ ಮಾರಾಟ. ಷೆವ್ರೊಲೆ, ಕ್ಯಾಡಿಲಾಕ್, ಬ್ಯೂಕ್, ಜಿಎಂಸಿ ಹೊಸ ಕಂಪನಿಗೆ ಹೋದವು. ಮುಚ್ಚಿದ ಕಾರ್ಖಾನೆ, ಕಲುಷಿತ ಜಮೀನು, ಹಳೇ ಸಾಲ ಎಲ್ಲಾ ಹಳೇ ಕಂಪನಿಯಲ್ಲೇ ಉಳೀತು. ಅದಕ್ಕೆ ಮೋಟಾರ್ಸ್ ಲಿಕ್ವಿಡೇಶನ್ ಅಂತ ಹೆಸರಿಟ್ಟರು. ಜುಲೈ 10ಕ್ಕೆ ಹೊಸ ಜಿಎಂ ಹೊರಬಂತು. ಬಾಂಡ್‌ದಾರರಿಗೆ ಸಿಕ್ಕಿದ್ದು ಅದರಲ್ಲಿ ಶೇ 10 ಪಾಲು ಮತ್ತು ವಾರಂಟುಗಳು (ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು). ನನ್ನ ಪ್ರಕಾರ ಜಿಎಂ ಬದುಕಿದ್ದು ದುಡ್ಡಿಗಿಂತ ಹೆಚ್ಚಾಗಿ ಈ 40 ದಿನಗಳಿಂದ. ದುಡ್ಡು ಅಲ್ಲಿಯವರೆಗೆ ಉಸಿರು ಹಿಡಿದಿಟ್ಟಿತು.

ಟೂಲ್‌ರೂಮ್:
ಧನ್ಯವಾದ. ಹಳೇ ಗಾಡಿ ಕೊಟ್ಟರೆ ಹೊಸದಕ್ಕೆ ಸರ್ಕಾರ ರಿಯಾಯಿತಿ ಕೊಟ್ಟಿತಲ್ಲ, ಅದರಿಂದ ಜಿಎಂಗೆ ಉಪಯೋಗ ಆಯ್ತಾ?

ಸ್ಪಾನರ್14:
ಸ್ವಲ್ಪ. ರಿಯಾಯಿತಿ 3,500 ಅಥವಾ 4,500 ಡಾಲರ್, ಹೊಸ ಗಾಡಿಯ ಮೈಲೇಜ್ ಎಷ್ಟು ಹೆಚ್ಚು ಅನ್ನೋದರ ಮೇಲೆ. ಹಳೇ ಎಂಜಿನ್ ಮತ್ತೆ ರಸ್ತೆಗೆ ಬರಬಾರದು ಅಂತ ಡೀಲರೇ ಅದನ್ನು ಕೊಲ್ಲಬೇಕಿತ್ತು. ಆಯಿಲ್ ಪೂರ್ತಿ ಇಳಿಸಿ, ಶೇ 40 ಸೋಡಿಯಂ ಸಿಲಿಕೇಟ್ ಇರುವ ದ್ರಾವಣ ಸುಮಾರು 2 ಲೀಟರ್ ಸುರಿದು, 2,000 ಆರ್‌ಪಿಎಂನಲ್ಲಿ ಓಡಿಸಬೇಕು. ಬಿಸಿಗೆ ನೀರು ಆರಿ ಸಿಲಿಕೇಟ್ ಬೇರಿಂಗ್‌ಗಳಲ್ಲಿ ಗಾಜಿನಂತೆ ಗಟ್ಟಿಯಾಗುತ್ತೆ, ಕೆಲವೇ ನಿಮಿಷದಲ್ಲಿ ಎಂಜಿನ್ ಜಾಮ್. ತಣ್ಣಗಾದ ಮೇಲೆ ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡಬೇಕು. ಓಡಿದರೆ ಮತ್ತೆ ಅದೇ ಕೆಲಸ. ಹೀಗೆ ಸುಮಾರು 6.8 ಲಕ್ಷ ಗಾಡಿ ಹೋದವು. ಆದರೆ ಹೊಸ ಗಾಡಿಗಳಲ್ಲಿ ಮೊದಲ ಸ್ಥಾನ ಟೊಯೋಟಾಗೆ, ಜಿಎಂ ಎರಡನೇದು. ಆಗಸ್ಟ್‌ನಲ್ಲಿ ಯೋಜನೆ ಮುಗಿದದ್ದೇ ತಡ, ಸೆಪ್ಟೆಂಬರ್‌ನಲ್ಲಿ ಮಾರಾಟ ಧಡಕ್ಕನೆ ಬಿತ್ತು.