ಅಪ್‌ಡೇಟ್: ರಾತ್ರಿ ಪಾಳಿ ಬಿಟ್ಟ ಮೇಲೆ ತೂಕ ಇಳೀತಿದೆ

ರಾತ್ರಿ ಪಾಳಿಯಲ್ಲಿದ್ದುಕೊಂಡು, ಜಿಮ್ಮಿಗೆ ಹೋಗದೆ ತೂಕ ಇಳಿಸೋದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ. ಈಗ ನಿಧಾನವಾಗಿ ಇಳೀತಿದೆ, ಪ್ಯಾಂಟು ಸಡಿಲ ಆಗಿದೆ.

ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡಿದ್ದು ಹಗಲು ಪಾಳಿ ಸಿಕ್ಕಿದ್ದು. ನಿದ್ದೆ ಕಡಿಮೆಯಾದರೆ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಏರುತ್ತೆ, ಹೊಟ್ಟೆ ತುಂಬಿತು ಅನ್ನಿಸುವ ಲೆಪ್ಟಿನ್ ಇಳಿಯುತ್ತೆ ಅಂತ ನಿಮ್ಮಲ್ಲೊಬ್ಬರು ಬರೆದಿದ್ದಿರಿ. ನನ್ನ ಮಟ್ಟಿಗೆ ಅದು ಅಕ್ಷರಶಃ ನಿಜ. ರಾತ್ರಿ ಚೆನ್ನಾಗಿ ಮಲಗಿದ ಮೇಲೆ ಬನ್ನು, ಬೋಂಡದ ಆಸೆ ತಾನಾಗಿಯೇ ಕಮ್ಮಿಯಾಯ್ತು. ಪಾಳಿ ಬದಲಾಗದವರಿಗೆ ಇದು ನಿಜವಾಗ್ಲೂ ಕಷ್ಟ, ಅವರನ್ನ ಸೋಮಾರಿ ಅನ್ನೋದು ಅನ್ಯಾಯ.

ಇನ್ನೊಂದು ಅನುಕೂಲ ಮನೆಯದು. ಅಪ್ಪನಿಗೆ ಸಕ್ಕರೆ ಕಾಯಿಲೆ ಇರೋದ್ರಿಂದ ಅಮ್ಮ ಎಲ್ಲರಿಗೂ ಒಂದೇ ಅಡುಗೆ ಮಾಡ್ತಾರೆ. ಒಗ್ಗರಣೆಗೆ ಎಣ್ಣೆಯನ್ನ ಈಗ ಚಮಚದಲ್ಲಿ ಅಳೆದು ಹಾಕ್ತಾರೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತೆ. ಕಾಳಿನ ಪಲ್ಯ, ಸೊಪ್ಪಿನ ಸಾರು ಜಾಸ್ತಿ, ಮುದ್ದೆ ಚಿಕ್ಕದು.

ಆಫೀಸಿಗೆ ಮೆಟ್ರೋದಲ್ಲಿ ಹೋಗ್ತೀನಿ, ನಿಲ್ದಾಣಕ್ಕೆ ನಡೆದೇ ಹೋಗೋದು.

ಮುದ್ದೆ ತಿಂದ್ರೆ ತೂಕ ಇಳಿಯುತ್ತಾ ಅಂತ ಕೇಳಿದ್ದವರಿಗೆ: 100 ಗ್ರಾಂ ರಾಗಿಯಲ್ಲಿ ಸುಮಾರು 320, ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ದೊಡ್ಡ ವ್ಯತ್ಯಾಸ ಇಲ್ಲ. ರಾಗಿಯಲ್ಲಿ ನಾರು ಹೆಚ್ಚು, ಹೊಟ್ಟೆ ಬೇಗ ಹಸಿಯಲ್ಲ, ಆದರೂ ಎಷ್ಟು ತಿಂತೀವಿ ಅನ್ನೋದೇ ಮುಖ್ಯ.

ಥೈರಾಯ್ಡ್ ಪರೀಕ್ಷೆನೂ ಮಾಡಿಸಿದೆ, ನಾರ್ಮಲ್ ಬಂದಿದೆ.