ಕಬಡ್ಡಿ ಕ್ಲಬ್ಬಿಗೆ ಮಕ್ಕಳ ಸುರಕ್ಷತೆಯ ನಿಯಮ ಬರೀಬೇಕು, ಗೊತ್ತಿದ್ದೋರು ಹೇಳ್ರಿ

ಸಿಂಧನೂರು ಹತ್ರ ಕಬಡ್ಡಿ, ಖೋ-ಖೋ ಕ್ಲಬ್ ನಡಸ್ತೀವ್ರಿ. 10ರಿಂದ 17 ವಯಸ್ಸಿನ ಹುಡುಗ್ರು, ಹುಡುಗ್ಯಾರು ಸುತ್ತಲ ಹಳ್ಳಿಯಿಂದ ಬರ್ತಾರ. ಮಕ್ಕಳ ಸುರಕ್ಷತೆಗೆ ನಿಯಮ ಬರೆದಿಡಬೇಕಂತ ಮಾಡೀವಿ. ಏನೇನು ಇರಬೇಕು?

ಕಬಡ್ಡಿ ಕೋಚ್, ಗಂಗಾವತಿ

ಮೊದಲು ಬಸ್ಸಿನ ಟೈಮ್ ನೋಡ್ರಿ ಸರ್. ಹಳ್ಳಿಗೆ ಹೋಗೋ ಕೊನೇ ಬಸ್ಸಿಗಿಂತ ಅರ್ಧ ತಾಸು ಮೊದ್ಲ ಪ್ರಾಕ್ಟೀಸ್ ಮುಗೀಬೇಕು. ಬಸ್ ತಪ್ಪಿದ್ರ ಕೋಚ್ ಬೈಕ್ ಮ್ಯಾಲ ಒಂದೇ ಮಗೂನ್ನ ಕೂಡಿಸ್ಕೊಂಡು ಬಿಡಾಕ ಹೋಗೋದು ರೂಢಿ ಆಗ್ತದ. ಕೆಟ್ಟ ಉದ್ದೇಶ ಇದ್ದೋನೂ ಇದೇ ದಾರಿ ಹಿಡೀತಾನ: ಪುಕ್ಕಟೆ ಬೂಟು, ಮನೀತನ ಡ್ರಾಪ್, ರಾತ್ರಿ ಮೆಸೇಜು, ಆಮ್ಯಾಲ 'ಮನ್ಯಾಗ ಹೇಳಬ್ಯಾಡ'. ಅದಕ್ಕ ಎಷ್ಟೇ ಒಳ್ಳೇ ಕೋಚ್ ಇರ್ಲಿ, ನಿಯಮ ಎಲ್ಲಾರಿಗೂ ಒಂದೇ. ಮುಚ್ಚಿದ ಕೋಣ್ಯಾಗಾಗ್ಲಿ, ಗಾಡ್ಯಾಗಾಗ್ಲಿ ಒಬ್ಬ ದೊಡ್ಡೋರು, ಒಂದೇ ಮಗು ಇರಬಾರ್ದು. ಬುದ್ಧಿ ಹೇಳೋದಿದ್ರ ಮೈದಾನದಾಗ ನಾಕು ಮಂದಿಗೆ ಕಾಣೋ ಹಂಗ ಹೇಳ್ರಿ. ಮೆಸೇಜೆಲ್ಲಾ ಪಾಲಕರು ಇರೋ ವಾಟ್ಸಾಪ್ ಗ್ರೂಪಿನಾಗ.

ಆಂಕಲ್ ಹೋಲ್ಡ್, ಥೈ ಹೋಲ್ಡ್ (ಎದುರಾಳಿಯ ಪಾದದ ಗಂಟು, ತೊಡೆ ಹಿಡಿಯೋ ಪಟ್ಟು) ಕಲಿಸುವಾಗ ಕೋಚ್ ತಾನೇ ಹಿಡಿಯೋದು ಬ್ಯಾಡ. ಹುಡುಗ್ರ ಮ್ಯಾಲ ಹುಡುಗ್ರು, ಹುಡುಗ್ಯಾರ ಮ್ಯಾಲ ಹುಡುಗ್ಯಾರು ಮಾಡಿ ತೋರಿಸ್ಲಿ, ಕೋಚ್ ಬಾಯಿಲೆ ತಿದ್ದಬೇಕು. ಕಾಲು ಹಿಡ್ಕೊಂಡಾಗ ಮಾಲೀಶು ಬೇಕಾದ್ರೂ ಬಯಲಾಗ, ಇನ್ನೊಬ್ಬರ ಮುಂದ.

ದೈಹಿಕ ಶಿಕ್ಷಣ ಶಿಕ್ಷಕಿ, ಕೊಪ್ಪಳ

ನಿಯಮ ಹೆಚ್ಚು ಸಡಿಲಾಗೋದು ಹೊರಗಿನ ಪಂದ್ಯಕ್ಕೆ ಹೋದಾಗ. ಹುಡುಗಿಯರ ಜೊತೆ ಜವಾಬ್ದಾರಿ ಇರೋ ಹೆಣ್ಣುಮಗಳು ಇಲ್ಲ ಅಂದ್ರೆ ತಂಡ ಹೊರಡಬಾರದು, ಇದರಲ್ಲಿ ರಿಯಾಯಿತಿ ಬೇಡ. ಶಾಲೆ ಕೊಠಡಿಯಲ್ಲಿ ಇಳಿಸಿದ್ರೆ ಮೊದಲು ಒಳಚಿಲಕ, ಶೌಚಾಲಯದ ದಾರಿಯ ಲೈಟು ನೋಡಿ. ದೊಡ್ಡವರು ಮಕ್ಕಳ ಕೋಣೆಯಲ್ಲಿ ಮಲಗದೆ ಪಕ್ಕದ ಕೋಣೆಯಲ್ಲಿರಲಿ. ಪಾಲಕರ ಸಹಿ, ಎರಡು ಫೋನ್ ನಂಬರ್, ಮಗು ತಗೊಳ್ಳೋ ಔಷಧಿಯ ವಿವರ ಕೈಯಲ್ಲಿರಲಿ.

ತೂಕದ ವಿಷಯ ಯಾರೂ ಎತ್ತೋದಿಲ್ಲ. ಪಂದ್ಯಕ್ಕೆ ಇಟ್ಟ ತೂಕದ ಮಿತಿಯೊಳಗೆ ಬರಲಿ ಅಂತ ಮಕ್ಕಳಿಗೆ ಊಟ ಬಿಡಿಸೋದು, ನೀರು ಕೊಡದೆ ಇರೋದು, ಸ್ವೆಟರ್ ಹಾಕಿಸಿ ಓಡಿಸೋದು ಕೂಡ ಹಿಂಸೆನೇ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ. ಬೆವರಲು ನೀರೇ ಇಲ್ಲದ ಮೈ ಬಿಸಿ ತಡೆಯೋದಿಲ್ಲ, ಜೀವಕ್ಕೇ ಬರುತ್ತೆ. ಹುಡುಗಿಯರ ತೂಕ ಮರೆಯಲ್ಲಿ, ಮಹಿಳೆಯೇ ನೋಡಬೇಕು. ಅಂಕಿ ಎಲ್ಲರ ಮುಂದೆ ಕೂಗಬಾರದು.

ಮಕ್ಕಳ ರಕ್ಷಣಾ ಕೆಲಸದಲ್ಲಿರುವವರು, ರಾಯಚೂರು

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಕಾನೂನಾದ ಪೋಕ್ಸೋದ 2020ರ ನಿಯಮಗಳಲ್ಲಿ ಕ್ರೀಡಾ ಅಕಾಡೆಮಿಗಳ ಹೆಸರೂ ಇದೆ. ಮಕ್ಕಳ ಒಡನಾಟವಿರುವ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಾಗ ಆಗಬೇಕು, ಗುತ್ತಿಗೆಯವರದೂ ಸೇರಿ. ಆದರೆ ಆ ಪತ್ರವೊಂದನ್ನೇ ನಂಬಬೇಡಿ. ಕೇಸು ದಾಖಲಾಗದವರು ಅದರಲ್ಲಿ ಸಿಗುವುದಿಲ್ಲ. ಹಿಂದೆ ಕೆಲಸ ಮಾಡಿದ ಕ್ಲಬ್ಬಿಗೆ ಫೋನ್ ಮಾಡಿ, 'ಮತ್ತೆ ಇವರನ್ನು ತಗೋತೀರಾ?' ಎಂದು ನೇರವಾಗಿ ಕೇಳಿ.

ಮಗು ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. ಕೆದಕಿ ಕೆದಕಿ ಪ್ರಶ್ನೆ ಹಾಕಿದರೆ ಮಗು ನಿಮ್ಮ ಮಾತನ್ನೇ ಹೇಳತೊಡಗುತ್ತದೆ, ಮುಂದೆ ಕೋರ್ಟಿನಲ್ಲಿ ಅದೇ ತೊಡಕಾಗುತ್ತದೆ. ಮಗುವಿನ ಮಾತನ್ನು ಅದು ಆಡಿದ ಹಾಗೆಯೇ ಬರೆದು ದಿನಾಂಕ, ಸಮಯ ಹಾಕಿ. ಅದೇ ದಿನ ಪೊಲೀಸರಿಗೆ ತಿಳಿಸಿ. ಏನು ಮಾಡಬೇಕೆಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆರೋಪ ಬಂದ ವ್ಯಕ್ತಿಯನ್ನು ಮೊದಲೇ ಕರೆದು ವಿಚಾರಿಸಿದರೆ ಸಾಕ್ಷ್ಯ ಅಳಿಯುತ್ತದೆ, ಮಗುವಿಗೆ ಬೆದರಿಕೆ ಬರುತ್ತದೆ.

ಕೇಳಿದವರು

ಮೇಡಂ, ಊರ ಹಿರಿಯರು 'ನಾವೇ ಕುಂತು ಬಗೆಹರಸ್ತೀವಿ' ಅಂದ್ರ?

ಮಕ್ಕಳ ರಕ್ಷಣಾ ಕೆಲಸದಲ್ಲಿರುವವರು, ರಾಯಚೂರು

ಒಪ್ಪಲೇಬೇಡಿ ಸರ್. ತನ್ನ ಕೈಕೆಳಗಿನವನ ಅಪರಾಧ ಗೊತ್ತಿದ್ದೂ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಪೋಕ್ಸೋ 21ನೇ ಕಲಂನಡಿ ಒಂದು ವರ್ಷದವರೆಗೆ ಜೈಲು, ದಂಡ ಇದೆ. ಒಳ್ಳೆಯ ನಂಬಿಕೆಯಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ. ಮಗುವನ್ನು ಠಾಣೆಗೆ ಕರೆದೊಯ್ಯಬೇಕೆಂದೇನೂ ಇಲ್ಲ. ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ. ಪಾಲಕರ ಹೆದರಿಕೆ ಹೆಚ್ಚಾಗಿ ಇದೇ ಆಗಿರುತ್ತದೆ, ಮೊದಲೇ ಹೇಳಿಡಿ. ಮಗುವಿನ ಹೆಸರು, ಊರು, ಫೋಟೋ ಯಾವ ಗ್ರೂಪಿಗೂ ಹೋಗಬಾರದು. ಘಟನೆ ಈಗಷ್ಟೇ ಆಗಿದ್ದರೆ ಸ್ನಾನ ಮಾಡಿಸದೆ, ಆ ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಟ್ಟು ಸರಕಾರಿ ಆಸ್ಪತ್ರೆಗೆ ಹೋಗಿ. ಪೊಲೀಸ್ ಪತ್ರ ತಂದರೆ ಮಾತ್ರ ಚಿಕಿತ್ಸೆ ಎನ್ನುವ ಹಾಗಿಲ್ಲ.